ಮಧ್ಯಾಹ್ನದ ಬ್ಯಾಚ್‌ಗೆ ಕುಗ್ಗದ ರಿಯೋ ಎಲೆ: ಒಂದು ಪ್ರಕರಣ ಅಧ್ಯಯನ

ನಾನು ಮಂಡ್ಯದ ಒಂದು ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡ್ತೀನಿ. ಫಸ್ಟ್ ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಪ್ಲಾಸ್ಮಾಲಿಸಿಸ್ ಅಂತ ಒಂದು ಪ್ರಯೋಗ ಇದೆ, ಸೈನ್ಸ್ ಓದಿದ ಬಹಳಷ್ಟು ಜನ ಒಂದಲ್ಲ ಒಂದು ಸಲ ಮಾಡಿರ್ತೀರ, ರಿಯೋ ಗಿಡದ ಎಲೆ ಹಿಂಭಾಗದ ನೇರಳೆ ಸಿಪ್ಪೆ ಸುಲಿದು ಸಕ್ಕರೆ ನೀರಲ್ಲೋ ಉಪ್ಪು ನೀರಲ್ಲೋ ಇಟ್ಟು ಮೈಕ್ರೋಸ್ಕೋಪಲ್ಲಿ ನೋಡೋದು, ಕೋಶದೊಳಗಿನ ಬಣ್ಣ ಗೋಡೆ ಬಿಟ್ಟು ಒಳಕ್ಕೆ ಕುಗ್ಗುತ್ತೆ, ಚಿತ್ರ ಬರೆದು ಸೈನ್ ಹಾಕಿಸ್ಕೊಂಡ್ರೆ ಮುಗೀತು. ಕಳೆದ ವರ್ಷ ಇದೇ ಪ್ರಯೋಗ ಒಂದೇ ದಿನದಲ್ಲಿ ಬೆಳಿಗ್ಗೆ ಚೆನ್ನಾಗಿ ಬಂದು ಮಧ್ಯಾಹ್ನ ಪೂರ್ತಿ ಕೈ ಕೊಡ್ತು. ಯಾಕೆ ಅಂತ ಹುಡುಕ್ತಾ ಒಂದು ವಾರ ಹೋಯ್ತು, ಆ ಒಂದು ವಾರದಲ್ಲಿ ಕೋಶಪೊರೆ ಅಂದ್ರೆ ಏನು ಅಂತ ಮಕ್ಕಳಿಗೆ ಅರ್ಥ ಆದಷ್ಟು ನಾನು ಬೋರ್ಡ್ ಮೇಲೆ ಎಷ್ಟು ಸಲ ಬರೆದು ಹೇಳಿದ್ರೂ ಆಗಿರ್ಲಿಲ್ಲ. ಅದಕ್ಕೇ ನಡೆದಿದ್ದನ್ನ ಪೂರ್ತಿ ಬರೀತಿದೀನಿ, ಬೇರೆ ಕಡೆ ಪಾಠ ಮಾಡೋರಿಗೂ ಓದೋ ಮಕ್ಕಳಿಗೂ ಉಪಯೋಗ ಆಗ್ಬಹುದು.

ಬೆಳಿಗ್ಗೆ ಬ್ಯಾಚ್ ಹತ್ತು ಗಂಟೆಗೆ. ಲ್ಯಾಬ್ ಹಿಂದೆ ನೀರಿನ ಟ್ಯಾಂಕ್ ಪಕ್ಕದಲ್ಲಿ ಒಂದು ರಿಯೋ ಗಿಡದ ಕುಂಡ ಇದೆ, ಎಲೆ ಮೇಲ್ಗಡೆ ಹಸಿರು, ಕೆಳಗಡೆ ನೇರಳೆ, ಅದ್ರಿಂದ ಆಗ ತಾನೆ ಕಿತ್ತ ಎಲೆ ಕೊಟ್ಟಿದ್ವಿ. ದ್ರಾವಣ ನಾನೇ ಹಿಂದಿನ ದಿನ ಮಾಡಿಟ್ಟಿದ್ದು, ಒಂದು ಮೋಲಾರ್ ಸಕ್ಕರೆ ದ್ರಾವಣ, ಅಂದ್ರೆ 342 ಗ್ರಾಂ ಸಕ್ಕರೆ ಕರಗಿಸಿ ಒಟ್ಟು ಒಂದು ಲೀಟರ್ ಆಗೋ ಹಾಗೆ ನೀರು ಸೇರಿಸೋದು. ಆ ಬ್ಯಾಚ್‌ನಲ್ಲಿ ಸಿಪ್ಪೆ ದಪ್ಪ ಸುಲಿದ ಒಬ್ಬಿಬ್ಬರನ್ನ ಬಿಟ್ರೆ ಎಲ್ಲರಿಗೂ ರಿಸಲ್ಟ್ ಬಂತು.

ಸರಿಯಾಗಿ ಬಂದಾಗ ಹೇಗಿರುತ್ತೆ ಅಂತ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಮಧ್ಯಾಹ್ನ ಕಾಣದೆ ಹೋಗಿದ್ದು ಇದೇ. ಸಿಪ್ಪೆ ಬರೀ ನೀರಲ್ಲಿರುವಾಗ ಒಂದೊಂದು ಕೋಶಾನೂ ಅಂಚಿನ ತನಕ ನೇರಳೆ ತುಂಬ್ಕೊಂಡು ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ ಒಂದಕ್ಕೊಂದು ಅಂಟ್ಕೊಂಡಿರುತ್ತೆ. ಕವರ್‌ಸ್ಲಿಪ್‌ನ ಒಂದು ಅಂಚಿಗೆ ಒಂದು ತೊಟ್ಟು ಸಕ್ಕರೆ ನೀರು ಬಿಟ್ಟು ಎದುರು ಅಂಚಿಗೆ ಫಿಲ್ಟರ್ ಪೇಪರ್ ಚೂರು ತಾಗಿಸಿದ್ರೆ ಪೇಪರ್ ನೀರನ್ನ ಎಳ್ಕೊಳ್ಳುತ್ತೆ, ಸಕ್ಕರೆ ನೀರು ಸಿಪ್ಪೆ ಕೆಳಗೆ ನುಗ್ಗುತ್ತೆ. ಸ್ವಲ್ಪ ಹೊತ್ತು ಏನೂ ಆಗಲ್ಲ. ಆಮೇಲೆ ಕೋಶದ ಮೂಲೆಗಳು ಮೊದಲು ಬಿಳಿಚಿಕೊಳ್ತವೆ, ನೇರಳೆ ಬಣ್ಣ ಮೂಲೆ ಬಿಟ್ಟು ಒಳಕ್ಕೆ ಸರಿಯುತ್ತೆ, ನೋಡ್ತಾ ನೋಡ್ತಾ ಗುಂಡಗಾಗುತ್ತೆ, ಚಿಕ್ಕದಾದಷ್ಟೂ ಬಣ್ಣ ಗಾಢ ಆಗುತ್ತೆ, ಕೊನೆಗೆ ಗಾಜಿನ ಡಬ್ಬಿ ಒಳಗೆ ಒಂದು ನೇರಳೆ ಹಣ್ಣು ಇಟ್ಟ ಹಾಗೆ ಕಾಣುತ್ತೆ. ಆಗ ಫಿಲ್ಟರ್ ಪೇಪರ್ ಹಿಡಿದು ಬರೀ ನೀರು ವಾಪಸ್ ಬಿಟ್ರೆ ಆ ಉಂಡೆ ಮತ್ತೆ ಹಿಗ್ಗಿ ಗೋಡೆ ಮುಟ್ಟುತ್ತೆ. ಇದನ್ನ ಮೊದಲನೇ ಸಲ ನೋಡಿದ ಮಕ್ಕಳು ಐಪೀಸ್ ಬಿಟ್ಟು ಏಳಲ್ಲ, ಪಕ್ಕದವರು ಭುಜ ತಟ್ಟಿ ಏಳಿಸ್ಬೇಕು.

ಎರಡು ಗಂಟೆಗೆ ಮಧ್ಯಾಹ್ನದ ಬ್ಯಾಚ್ ಶುರುವಾಯ್ತು. ಹತ್ತು ನಿಮಿಷಕ್ಕೆ ಒಬ್ಬ ಹುಡುಗ "ಸಾರ್ ಬರ್ತಿಲ್ಲ" ಅಂದ. ಇನ್ನೂ ಸ್ವಲ್ಪ ಹೊತ್ತು ಬಿಡಪ್ಪ ಅಂದೆ. ಪಕ್ಕದ ಟೇಬಲ್‌ನವರೂ ಅದನ್ನೇ ಹೇಳಿದ್ರು, ಆಮೇಲೆ ಎಲ್ಲರೂ. ನಾನೇ ಹೋಗಿ ಒಂದೊಂದೇ ಸ್ಲೈಡ್ ನೋಡಿದೆ. ಕೋಶದ ಗೋಡೆಗಳು ನೆಟ್ಟಗೆ ಕಾಣ್ತಿವೆ, ಒಳಗೆ ಬಣ್ಣ ಇಲ್ಲವೇ ಇಲ್ಲ ಅನ್ನೋ ಅಷ್ಟು ತೆಳು, ಅಲ್ಲೊಂದು ಇಲ್ಲೊಂದು ಕಡೆ ಮಾಸಲು ಗುಲಾಬಿ ಕಲೆ. ಕವರ್‌ಸ್ಲಿಪ್ ಅಂಚಿನಲ್ಲಿ ಉಳಿದಿದ್ದ ನೀರು ಮಾತ್ರ ನೇರಳೆ ಆಗಿತ್ತು, ಫಿಲ್ಟರ್ ಪೇಪರ್ ಚೂರಿನ ತುದಿಗೂ ಬಣ್ಣ ಹತ್ತಿತ್ತು. ಸಕ್ಕರೆ ನೀರು ಎರಡು ಸಲ, ಮೂರು ಸಲ ಬಿಟ್ರೂ ಒಂದೇ ಒಂದು ಕೋಶ ಅಲುಗಾಡ್ಲಿಲ್ಲ.

ಅಷ್ಟರಲ್ಲಿ ಕೆಲವರು ಬೆಳಿಗ್ಗೆ ಬ್ಯಾಚ್‌ನವರ ರೆಕಾರ್ಡ್ ತಂದು ಕುಗ್ಗಿದ ಕೋಶದ ಚಿತ್ರ ಬರೆದು, ಕೆಳಗೆ ರಿಸಲ್ಟ್ ಕೂಡ ಬರೆದು ಮುಗಿಸಿದ್ರು. ಮದ್ದೂರು ಕಡೆಯಿಂದ ಬಸ್ಸಲ್ಲಿ ಬರೋ ಒಬ್ಬಳು ಹುಡುಗಿ ಮಾತ್ರ ಗೋಡೆಗಳನ್ನ ಬರೆದು ಒಳಗೆ ಖಾಲಿ ಬಿಟ್ಟು, ಕೆಳಗೆ "ಕುಗ್ಗಲಿಲ್ಲ, ಬಣ್ಣ ಹೊರಗೆ ಬಂತು" ಅಂತ ಪೆನ್ಸಿಲಲ್ಲಿ ಬರೆದಿದ್ದಳು. ನನ್ನ ಹತ್ರ ಬಂದು "ಸಾರ್, ಇದನ್ನೇ ಪೆನ್ನಲ್ಲಿ ಬರೀಲಾ, ಇಲ್ಲ ಬುಕ್‌ನಲ್ಲಿ ಇರೋದು ಬರೀಲಾ" ಅಂತ ಕೇಳಿದ್ಲು. ಅವಳು ಹಾಗೆ ಕೇಳ್ಬೇಕಾಗಿ ಬಂತಲ್ಲ ಅನ್ನೋದೇ ನನಗೆ ಬೇಜಾರು. "ನಿನ್ ಕಣ್ಣಿಗೆ ಏನು ಕಾಣ್ತೋ ಅದನ್ನೇ ಬರಿ ಕಣವ್ವ, ಯಾಕೆ ಹಂಗಾಯ್ತು ಅಂತ ಎಲ್ಲಾ ಸೇರಿ ಹುಡ್ಕಣ" ಅಂದೆ. ಯಾರ ರೆಕಾರ್ಡ್‌ಗೂ ಆವತ್ತು ಸೈನ್ ಹಾಕ್ಲಿಲ್ಲ.

ಮೊದಲು ನನಗೆ ಅನುಮಾನ ಬಂದಿದ್ದು ದ್ರಾವಣದ ಮೇಲೆ. ಬೆಳಿಗ್ಗೆ ಬ್ಯಾಚ್ ಮುಗಿದ ಮೇಲೆ ಬಾಟಲಿ ಬಾಯಿ ತೆರೆದಿತ್ತು, ಯಾರಾದ್ರೂ ನೀರು ಬೆರೆಸಿರ್ಬಹುದು, ಬೀಕರ್ ಅದಲು ಬದಲಾಗಿರ್ಬಹುದು. ಇದನ್ನ ಕಂಡುಹಿಡಿಯೋದು ಸುಲಭ. ಕುಂಡದ ಗಿಡದಲ್ಲಿ ಉಳಿದಿದ್ದ ಒಂದು ಎಲೆ ಕಿತ್ತು ಮಧ್ಯಾಹ್ನದ ದ್ರಾವಣದಲ್ಲೇ ಇಟ್ವಿ, ಐದಾರು ನಿಮಿಷಕ್ಕೆ ಚೆನ್ನಾಗಿ ಕುಗ್ತು. ಮಧ್ಯಾಹ್ನದ ಎಲೆಯನ್ನ ಹೊಸದಾಗಿ ಮಾಡಿದ ದ್ರಾವಣದಲ್ಲಿ ಇಟ್ವಿ, ಏನೂ ಇಲ್ಲ. ಹಂಗಾದ್ರೆ ದ್ರಾವಣದ ತಪ್ಪಲ್ಲ, ಎಲೆದೇ ತಪ್ಪು.

ಎಲೆ ಎಲ್ಲಿಂದ ಬಂತು ಅಂತ ಲ್ಯಾಬ್ ಅಟೆಂಡರ್ ಅಣ್ಣನ್ನ ಕೇಳಿದೆ. ಕುಂಡದ ಗಿಡದಲ್ಲಿ ಎರಡು ಬ್ಯಾಚ್‌ಗೆ ಸಾಕಾಗೋವಷ್ಟು ಎಲೆ ಇರ್ಲಿಲ್ಲ ಅಂತ ಅವರೇ ಯೋಚನೆ ಮಾಡಿ, ಅವರ ಮನೆ ಮುಂದೆ ಇರೋ ಗಿಡದಿಂದ ಹಿಂದಿನ ದಿನ ಬೆಳಿಗ್ಗೆ ಎಲೆ ಕಿತ್ತು ತಂದು ಕವರ್‌ನಲ್ಲಿ ಕಟ್ಟಿ ಲ್ಯಾಬ್ ಫ್ರಿಜ್‌ನಲ್ಲಿ ಇಟ್ಟಿದ್ರು. ಮಕ್ಕಳಿಗೆ ತೊಂದರೆ ಆಗ್ಬಾರ್ದು ಅಂತ ಇಷ್ಟು ಮುಂಚೆನೇ ಯೋಚಿಸೋ ಮನುಷ್ಯ.

"ಫ್ರಿಜ್ಜಲ್ಲಿ ಎಲ್ಲಿ ಇಟ್ಟಿದ್ರಿ ಅಣ್ಣ?"

"ಕೆಳಗಡೆ ಜಾಗ ಇರ್ನಿಲ್ಲ ಸಾ, ಬಾಟ್ಲಿಗಳು ತುಂಬೋಗಿದ್ವು. ಮ್ಯಾಲೆ ಐಸ್ ಬಾಕ್ಸಲ್ಲಿ ಮಡಗಿದ್ದೆ, ಬಾಡ್ದಂಗಿರ್ಲಿ ಅಂತ. ಈಚೆ ತೆಗ್ದಾಗ ಒಸಿ ಮೆತ್ತಗಾಗಿತ್ತು, ತೊಳ್ದು ಕೊಟ್ಟೆ."

ಅಲ್ಲಿಗೆ ನನಗೆ ಮುಕ್ಕಾಲು ಭಾಗ ಗೊತ್ತಾಯ್ತು. ಆದ್ರೂ ತೀರ್ಮಾನಕ್ಕೆ ಬರೋ ಹಾಗಿರ್ಲಿಲ್ಲ, ಯಾಕಂದ್ರೆ ಇಲ್ಲಿ ಎರಡು ವಿಷಯ ಒಟ್ಟಿಗೆ ಬದಲಾಗಿದೆ, ಗಿಡಾನೂ ಬೇರೆ, ಇಟ್ಟ ಜಾಗಾನೂ ಬೇರೆ. ಅವರ ಮನೆ ಗಿಡದಲ್ಲೇ ಏನಾದ್ರೂ ಇದ್ರೆ? ಅದಕ್ಕೆ ಮಾರನೇ ದಿನ ಅವರ ಮನೆ ಗಿಡದ ಹೊಸ ಎಲೆ ತರಿಸಿ ನೋಡಿದ್ವಿ, ಕಾಲೇಜ್ ಗಿಡದ ಎಲೆ ಥರಾನೇ ಕುಗ್ತು. ಗಿಡದ ಮೇಲಿದ್ದ ಅನುಮಾನ ಹೋಯ್ತು. ಆಮೇಲೆ ಒಂದೇ ಎಲೆನ ನಾಲ್ಕು ತುಂಡು ಮಾಡಿ, ಒಂದನ್ನ ಒದ್ದೆ ಹತ್ತಿ ಸುತ್ತಿ ಟೇಬಲ್ ಮೇಲೆ, ಒಂದನ್ನ ಫ್ರಿಜ್‌ನ ಕೆಳಗಿನ ಅರೆಯಲ್ಲಿ, ಒಂದನ್ನ ಐಸ್ ಬಾಕ್ಸಲ್ಲಿ ರಾತ್ರಿ ಪೂರ್ತಿ ಇಟ್ವಿ. ನಾಲ್ಕನೇದನ್ನ ಬೆಳಿಗ್ಗೆ ಕುದಿಯೋ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆದ್ವಿ. ನಾಲ್ಕು ಬಿಳಿ ಪ್ಲಾಸ್ಟಿಕ್ ಲೋಟದಲ್ಲಿ ಒಂದೇ ಅಳತೆ ನೀರು ಹಾಕಿ ಒಂದೊಂದ್ರಲ್ಲಿ ಒಂದೊಂದು ತುಂಡು ಬಿಟ್ಟು ಅರ್ಧ ಗಂಟೆ ಕಾದ್ವಿ. ಟೇಬಲ್ ಮೇಲಿದ್ದ ತುಂಡಿನ ನೀರು ತಿಳಿಯಾಗೇ ಇತ್ತು, ಕೆಳಗಿನ ಅರೆಯದ್ದೂ ಹಾಗೇ, ಕತ್ತರಿಸಿದ ಅಂಚಿನಿಂದ ಸ್ವಲ್ಪ ಬಣ್ಣ ಬಂದಿತ್ತು ಅಷ್ಟೆ. ಐಸ್ ಬಾಕ್ಸಿನ ತುಂಡು ಇದ್ದ ಲೋಟದಲ್ಲಿ ನೇರಳೆ ಬಣ್ಣ ಎಳೆ ಎಳೆಯಾಗಿ ಕೆಳಗಿಳಿದು ತಳದಲ್ಲಿ ನಿಂತಿತ್ತು, ಕುದಿ ನೀರಲ್ಲಿ ಅದ್ದಿದ್ದೂ ಹಂಗೇ. ಸಿಪ್ಪೆ ಸುಲಿದು ಸಕ್ಕರೆ ನೀರಲ್ಲಿ ಇಟ್ಟಾಗ ಮೊದಲಿನ ಎರಡು ಕುಗ್ಗಿದ್ವು, ಕೊನೆಯ ಎರಡು ಕುಗ್ಗಲಿಲ್ಲ. ಒಂದು ಬಿಸಿಗೆ ಹೋಗಿದೆ, ಒಂದು ತಣ್ಣಗೆ ಹೋಗಿದೆ, ಎರಡರ ಗತಿ ಒಂದೇ.

ಈಗ ಯಾಕೆ ಅನ್ನೋದು. ಗಿಡದ ಕೋಶಕ್ಕೆ ಹೊರಗಡೆ ಸೆಲ್ಯುಲೋಸ್‌ನ ಕೋಶಭಿತ್ತಿ, ಅದರ ಒಳಗೆ ಅಂಟ್ಕೊಂಡ ಹಾಗೆ ಕೋಶಪೊರೆ. ನಮ್ಮ ಕಡೆ ಮಕ್ಕಳಿಗೆ ಇದನ್ನ ಹೇಳೋಕೆ ನಾನು ಗೊಬ್ಬರದ ಚೀಲ ತೋರಿಸ್ತೀನಿ, ಹೊರಗೆ ಹೆಣೆದ ಚೀಲ, ಒಳಗೆ ತೆಳು ಪ್ಲಾಸ್ಟಿಕ್ ಕವರ್. ಹೆಣೆದ ಚೀಲ ಗಟ್ಟಿ, ಆಕಾರ ಕೊಡುತ್ತೆ, ಆದ್ರೆ ಅದ್ರಲ್ಲಿ ನೀರು ನಿಲ್ಲಲ್ಲ. ನೀರು ನಿಲ್ಲಿಸೋದು ಒಳಗಿನ ಕವರ್. ಹಾಗೇ ಕೋಶಭಿತ್ತಿ ಮೂಲಕ ಸಕ್ಕರೆ ನೀರು ಯಾವ ತಡೆ ಇಲ್ದೆ ಹೋಗುತ್ತೆ, ತಡೆಯೋದು ಪೊರೆ. ಪೊರೆ ನೀರನ್ನ ಬಿಡುತ್ತೆ, ಸಕ್ಕರೆಯನ್ನ ಬಿಡಲ್ಲ. ಹೊರಗೆ ಸಕ್ಕರೆ ಜಾಸ್ತಿ ಇದ್ದಾಗ ಒಳಗಿನ ನೀರು ಅಭಿಸರಣೆಯಿಂದ ಹೊರಗೆ ಹೋಗುತ್ತೆ, ಪೊರೆ ತನ್ನೊಳಗಿರೋದನ್ನ ಹಿಡ್ಕೊಂಡೇ ಚಿಕ್ಕದಾಗುತ್ತೆ. ವೈವಾದಲ್ಲಿ ನಾನು ತಪ್ಪದೇ ಕೇಳೋ ಪ್ರಶ್ನೆ ಒಂದಿದೆ, ಕುಗ್ಗಿದ ಮೇಲೆ ಗೋಡೆಗೂ ಪೊರೆಗೂ ಮಧ್ಯೆ ಇರೋ ಜಾಗದಲ್ಲಿ ಏನಿದೆ ಅಂತ. ಹತ್ತರಲ್ಲಿ ಎಂಟು ಜನ ಏನಿಲ್ಲ, ಖಾಲಿ, ಗಾಳಿ ಅಂತಾರೆ. ಅಲ್ಲಿರೋದು ಹೊರಗಿನ ಸಕ್ಕರೆ ನೀರೇ. ಇದು ಗೊತ್ತಾದ್ರೆ ಗೋಡೆ ಬೇರೆ, ಪೊರೆ ಬೇರೆ, ಎರಡರ ಕೆಲಸ ಬೇರೆ ಅನ್ನೋದು ತಲೇಲಿ ಕೂರುತ್ತೆ.

ನೇರಳೆ ಬಣ್ಣ ಇರೋದು ಇನ್ನೂ ಒಳಗೆ, ರಸದಾನಿಯಲ್ಲಿ, ಅಂದ್ರೆ ಕೋಶದೊಳಗೆ ರಸ ತುಂಬಿರೋ ಚೀಲದಲ್ಲಿ, ಅದಕ್ಕೂ ತನ್ನದೇ ಒಂದು ಪೊರೆ ಇದೆ, ಟೋನೋಪ್ಲಾಸ್ಟ್ ಅಂತಾರೆ. ಹಂಗಾಗಿ ಬಣ್ಣ ಹೊರಗೆ ಬರ್ಬೇಕು ಅಂದ್ರೆ ಎರಡು ಪೊರೆ ದಾಟ್ಬೇಕು. ಮಧ್ಯಾಹ್ನದ ಸ್ಲೈಡಲ್ಲಿ ಬಣ್ಣ ಹೊರಗೆ ಬಂದಿತ್ತು ಅಂದ್ರೆ ಎರಡೂ ಪೊರೆ ಕೆಟ್ಟಿವೆ ಅಂತ ಅರ್ಥ, ಗೋಡೆಗೆ ಮಾತ್ರ ಏನೂ ಆಗಿಲ್ಲ. ಪೊರೆ ಕೆಟ್ಟ ಮೇಲೆ ಸಕ್ಕರೆ ಒಳಗೂ ಹೋಗುತ್ತೆ, ಬಣ್ಣ ಹೊರಗೂ ಬರುತ್ತೆ, ನೀರನ್ನ ಒಂದು ಕಡೆಗೆ ಎಳೆಯೋಕೆ ಏನೂ ಉಳಿಯಲ್ಲ, ಕುಗ್ಗೋ ಪ್ರಶ್ನೆನೇ ಇಲ್ಲ. ನಾವು ಪ್ಲಾಸ್ಮಾಲಿಸಿಸ್ ಅನ್ನ ಸಕ್ಕರೆ ನೀರಿನ ಪ್ರಯೋಗ ಅಂತ ಪಾಠ ಮಾಡ್ತೀವಿ, ನಿಜವಾಗಿ ಅದು ಕೋಶ ಬದುಕಿದೆಯಾ ಇಲ್ವಾ ಅಂತ ನೋಡೋ ಪರೀಕ್ಷೆ. ನನ್ನ ಪ್ರಕಾರ ಆ ದಿನ ಪೊರೆ ಏನು ಮಾಡುತ್ತೆ ಅಂತ ಸರಿಯಾಗಿ ತೋರಿಸಿದ್ದು ಕುಗ್ಗದೇ ಇರೋ ಸ್ಲೈಡ್, ಪೊರೆ ಇಲ್ದೇ ಹೋದಾಗಲೇ ಅದು ಅಲ್ಲಿ ಏನು ಮಾಡ್ತಿತ್ತು ಅಂತ ಕಂಡಿದ್ದು.

ಚಳಿ ಪೊರೆನ ಹೇಗೆ ಕೆಡಿಸುತ್ತೆ ಅಂತ ಕೇಳಿದ್ರು ಮಕ್ಕಳು. ಇದಕ್ಕೆ ಪೊರೆ ಯಾವುದ್ರಿಂದ ಆಗಿದೆ ಅಂತ ಗೊತ್ತಿರ್ಬೇಕು. ಅದು ಫಾಸ್ಫೋಲಿಪಿಡ್ ಅನ್ನೋ ಅಣುಗಳ ಎರಡು ಪದರ. ಒಂದೊಂದು ಅಣುವಿಗೂ ನೀರನ್ನ ಇಷ್ಟಪಡೋ ಒಂದು ತಲೆ, ನೀರಿಂದ ದೂರ ಓಡೋ ಎರಡು ಕೊಬ್ಬಿನ ಬಾಲ. ನೀರಲ್ಲಿ ಬಿಟ್ರೆ ಬಾಲಗಳು ಒಳಮುಖವಾಗಿ ಒಂದರ ಹಿಂದೆ ಒಂದು ಅವಿತ್ಕೊಂಡು ತಲೆಗಳು ಎರಡೂ ಕಡೆ ನೀರಿಗೆ ಮುಖ ಮಾಡಿ ತಾವೇ ಹಾಳೆ ಆಗಿ ನಿಂತ್ಕೊಳ್ತವೆ, ಯಾವ ಅಂಟೂ ಬೇಕಾಗಿಲ್ಲ, ಸುತ್ತ ನೀರಿರೋದೇ ಅವನ್ನ ಜೋಡಿಸಿ ಇಡೋದು. ಪ್ರೋಟೀನ್ ಎಲ್ಲಾ ಸೇರಿ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್, 0.1 ಮಿಲಿಮೀಟರ್ ದಪ್ಪದ ಒಂದು ನೋಟ್‌ಬುಕ್ ಹಾಳೆಗೆ ಸಮ ಆಗೋಕೆ ಇಂಥ ಹನ್ನೆರಡು ಸಾವಿರಕ್ಕೂ ಹೆಚ್ಚು ಪೊರೆ ಒಂದರ ಮೇಲೊಂದು ಪೇರಿಸ್ಬೇಕು. ನಮ್ಮ ಲ್ಯಾಬ್ ಮೈಕ್ರೋಸ್ಕೋಪಲ್ಲಿ ಅದು ಕಾಣೋದೇ ಇಲ್ಲ, ನಾವು ನೋಡೋದು ಬಣ್ಣದ ಅಂಚನ್ನ. ಅದನ್ನೇ ಪೊರೆ ಅಂತ ಲೇಬಲ್ ಮಾಡ್ತೀವಿ.

ಎರಡು ಪದರ ಅಂತ ಗೊತ್ತಾಗಿದ್ದು ಹೇಗೆ ಅನ್ನೋ ಕಥೆ ನನಗೆ ಬಹಳ ಇಷ್ಟ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಕೊಬ್ಬನ್ನ ತೆಗೆದು ನೀರಿನ ಮೇಲೆ ಒಂದೇ ಪದರ ಆಗೋ ಹಾಗೆ ಹರಡಿ ಅಳೆದ್ರು, ಅಷ್ಟೂ ಕಣಗಳ ಮೇಲ್ಮೈ ವಿಸ್ತೀರ್ಣಕ್ಕೆ ಹೋಲಿಸಿದ್ರೆ ಎರಡರಷ್ಟು ಬಂತು, ಹಂಗಾದ್ರೆ ಪೊರೆ ಎರಡು ಪದರ ಇರ್ಬೇಕು ಅಂದ್ರು. ಆಮೇಲೆ ನೋಡಿದ್ರೆ ಅವರ ಲೆಕ್ಕದಲ್ಲಿ ಎರಡು ತಪ್ಪಿದ್ವು, ಕೊಬ್ಬು ಪೂರ್ತಿ ಬಂದಿರ್ಲಿಲ್ಲ, ಕಣದ ವಿಸ್ತೀರ್ಣಾನೂ ಕಮ್ಮಿ ಅಳೆದಿದ್ರು, ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ ಉತ್ತರ ಸರಿಯಾಗೇ ಬಂದಿತ್ತು. ನಮ್ಮ ಪ್ರಯೋಗದ ಇತಿಹಾಸ ಅದಕ್ಕಿಂತ ಹಳೇದು, ಡಚ್ಚಿನವರೇ ಆದ ಹ್ಯೂಗೋ ಡಿ ವ್ರೀಸ್ 1880ರ ದಶಕದಲ್ಲಿ ಪ್ಲಾಸ್ಮಾಲಿಸಿಸ್ ಬಳಸಿ ಯಾವ ದ್ರಾವಣ ಎಷ್ಟು ನೀರು ಎಳೆಯುತ್ತೆ ಅಂತ ಅಳೆದಿದ್ದು ಇದೇ ರಿಯೋ ಗಿಡದ ಎಲೆ ಸಿಪ್ಪೆಯಲ್ಲಿ. ಇದನ್ನ ಹೇಳಿದಾಗ ಟ್ಯಾಂಕ್ ಪಕ್ಕದ ಕುಂಡದ ಕಡೆ ಮಕ್ಕಳು ಒಂದು ಸಲ ತಿರುಗಿ ನೋಡಿದ್ರು.

ಪೊರೆ ಅಂದ್ರೆ ಪ್ಲಾಸ್ಟಿಕ್ ಕವರ್ ಅಂತ ಹೇಳಿದ್ನಲ್ಲ, ಆ ಹೋಲಿಕೆ ಇಲ್ಲಿ ಬಿಡ್ಬೇಕು. ಪ್ಲಾಸ್ಟಿಕ್ ಜಡ, ಪೊರೆ ಹರಿದಾಡುತ್ತೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲ್ತಾ ಇರುತ್ತಲ್ಲ, ಚಮಚದ ತುದಿಯಿಂದ ಸೀಳಿದ್ರೆ ಮತ್ತೆ ಕೂಡ್ಕೊಳ್ಳುತ್ತೆ, ಅದರಲ್ಲಿ ಸಾಸಿವೆ ಅತ್ತಿಂದಿತ್ತ ಜಾರಾಡುತ್ತೆ, ಪೊರೆ ಆ ಥರ, ಲಿಪಿಡ್ ಅಂದ್ರೆ ಅದರ ಕೊಬ್ಬು ಎಣ್ಣೆ ಹಂಗೆ, ಪ್ರೋಟೀನ್‌ಗಳು ಸಾಸಿವೆ ಹಂಗೆ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶ ಮತ್ತು ಮನುಷ್ಯರ ಕೋಶ ಎರಡನ್ನೂ ಕೂಡಿಸಿ ಒಂದು ಮಾಡಿ, ಅದರ ಪ್ರೋಟೀನ್‌ಗಳಿಗೆ ಎರಡು ಬಣ್ಣದ ಗುರುತು ಹಾಕಿ ನೋಡಿದ್ರು, ಮೊದಲು ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು, 37 ಡಿಗ್ರಿಯಲ್ಲಿ ಸುಮಾರು 40 ನಿಮಿಷಕ್ಕೆ ಪೂರ್ತಿ ಬೆರೆತೋಗಿತ್ತು. ತಣ್ಣಗೆ ಇಟ್ಟಾಗ ಬೆರೆಯೋದು ನಿಂತೋಯ್ತು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟ ಫ್ಲೂಯಿಡ್ ಮೊಸಾಯಿಕ್ ಮಾದರಿಯನ್ನೇ, ಅಂದ್ರೆ ಹರಿದಾಡೋ ಲಿಪಿಡ್‌ನಲ್ಲಿ ಪ್ರೋಟೀನ್‌ಗಳು ತೇಲ್ತಿವೆ ಅನ್ನೋ ಚಿತ್ರಾನೇ, ಇವತ್ತಿಗೂ ನಮ್ಮ ಪುಸ್ತಕದಲ್ಲಿ ಓದೋದು.

ತಣ್ಣಗಾದ್ರೆ ಯಾಕೆ ನಿಂತೋಗುತ್ತೆ ಅನ್ನೋದನ್ನ ಮನೆಯಲ್ಲೇ ನೋಡ್ಬಹುದು. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಗಟ್ಟಿಯಾಗಿ ಬಿಸಿಲಿಗೆ ಇಡ್ಬೇಕಾಗುತ್ತೆ, ಪಕ್ಕದಲ್ಲೇ ಇರೋ ಸೂರ್ಯಕಾಂತಿ ಎಣ್ಣೆ ನೀರಾಗೇ ಇರುತ್ತೆ. ಕೊಬ್ಬರಿ ಎಣ್ಣೆಯ ಕೊಬ್ಬಿನ ಬಾಲಗಳು ನೆಟ್ಟಗಿರ್ತವೆ, ಒತ್ತೊತ್ತಾಗಿ ಕೂರ್ತವೆ, ಬೇಗ ಗಟ್ಟಿಯಾಗುತ್ತೆ. ಸೂರ್ಯಕಾಂತಿ ಎಣ್ಣೆಯ ಬಾಲಗಳಲ್ಲಿ ಸೊಟ್ಟ ಇರುತ್ತೆ, ಒತ್ತಾಗಿ ಕೂರಕ್ಕಾಗಲ್ಲ. ಚಳಿ ದೇಶದ ಎಷ್ಟೋ ಗಿಡಗಳು ಚಳಿಗಾಲ ಹತ್ರ ಬಂದಾಗ ಪೊರೆಯಲ್ಲಿ ಈ ಸೊಟ್ಟ ಬಾಲದ ಕೊಬ್ಬನ್ನ ಜಾಸ್ತಿ ಮಾಡ್ಕೊಳ್ತವೆ. ರಿಯೋ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಗಿಡ, ಹಿಮ ಕಾಣದ ಗಿಡ, ಅದಕ್ಕೆ ಆ ತಯಾರಿ ಇಲ್ಲ.

ಆದ್ರೆ ನಮ್ಮ ಎಲೆ ಬರೀ ತಣ್ಣಗಾಗಿದ್ದಲ್ಲ, ಹೆಪ್ಪುಗಟ್ಟಿತ್ತು, ಅದು ಬೇರೆಯೇ ವಿಷಯ. ಕೆಳಗಿನ ಅರೆಯ ಎಲೆ ಒಂದು ರಾತ್ರಿ ತಡ್ಕೊಂಡಿದ್ದೇ ಇದಕ್ಕೆ ಸಾಕ್ಷಿ. ಐಸ್ ಬಾಕ್ಸಲ್ಲಿ ನಿಧಾನವಾಗಿ ಗಡ್ಡೆ ಕಟ್ಟೋವಾಗ ಮೊದಲು ಕೋಶಗಳ ಹೊರಗಿನ ನೀರು ಐಸ್ ಆಗುತ್ತೆ, ಅದು ಕೋಶದೊಳಗಿನ ನೀರನ್ನೂ ಹೊರಗೆ ಎಳೆಯುತ್ತೆ, ಒಳಗೆ ಉಳಿದ ಉಪ್ಪಿನಂಶ ವಿಪರೀತ ಗಟ್ಟಿಯಾಗುತ್ತೆ, ಪೊರೆ ಮುದುಡಿ ಕೆಡುತ್ತೆ. ಒಳಗೇ ಐಸ್ ಹರಳು ಬೆಳೆದ್ರೆ ಪೊರೆನ ಚುಚ್ಚಿ ಹರಿಯುತ್ತೆ, ನೀರು ಐಸ್ ಆದಾಗ ಸುಮಾರು ನೂರಕ್ಕೆ 9ರಷ್ಟು ಹಿಗ್ಗೋದೂ ಸೇರುತ್ತೆ. ಪೊರೆಗೆ ಸಣ್ಣ ತೂತಾದ್ರೆ ತಾನೇ ಕೂಡ್ಕೊಳ್ಳೋ ಶಕ್ತಿ ಇದೆ, ಇಷ್ಟೆಲ್ಲಾ ಆದ್ರೆ ಇಲ್ಲ. ಮನೆ ಫ್ರಿಜ್‌ನಲ್ಲಿ ಕೊತ್ತಂಬರಿ ಸೊಪ್ಪು ಹಿಂದಿನ ಗೋಡೆಗೆ ತಾಗಿ ಗಡ್ಡೆ ಕಟ್ಟಿದ್ರೆ ಈಚೆ ತೆಗೆದಾಗ ಕಪ್ಪಗಾಗಿ ನೀರು ಬಿಟ್ಕೊಂಡು ಲೊಳೆ ಆಗುತ್ತಲ್ಲ, ಅದೇ ಇದು. "ನಮ್ಮವ್ವ ಯಾವಾಗ್ಲೂ ಬೈತಾಳೆ ಸಾರ್ ಸೊಪ್ಪು ಒಳಕ್ಕೆ ತಳ್ಬೇಡ ಅಂತ" ಅಂದ ಒಬ್ಬ ಹುಡುಗ. ಸರಿಯಾಗೇ ಬೈದಿದ್ದಾರೆ ಅಂದೆ.

ಇಷ್ಟಕ್ಕೆ ಪ್ರಕರಣ ಮುಗೀಬೇಕಿತ್ತು, ಆದ್ರೆ ಪಾಂಡವಪುರ ಕಡೆಯ ರೈತರ ಮನೆ ಹುಡುಗ ಒಬ್ಬ ಇನ್ನೊಂದು ಪ್ರಶ್ನೆ ತೆಗೆದ. "ಸಾರ್, ಸಕ್ಕರೆ ಬದ್ಲು ಯೂರಿಯಾ ಹಾಕಿದ್ರೆ? ಗೊಬ್ಬರ ಜಾಸ್ತಿ ಬಿದ್ರೆ ಪೈರು ಸುಟ್ಟೋಯ್ತದಲ್ಲ, ಅದೂ ಇದೇನಾ?" ಒಳ್ಳೇ ಪ್ರಶ್ನೆ. ಬುಡದಲ್ಲಿ ಗೊಬ್ಬರ ಗಟ್ಟಿಯಾಗಿ ಬಿದ್ರೆ ಬೇರಿಂದ ನೀರು ಆಚೆ ಹೋಗೋದು ಪೈರು ಸುಡೋಕೆ ಒಂದು ಕಾರಣ ಹೌದು. ಆದ್ರೆ ಯೂರಿಯಾ ಸಕ್ಕರೆ ಥರ ಅಲ್ಲ, ಅದರ ಅಣು ಬಹಳ ಚಿಕ್ಕದು, ಪೊರೆ ಅದನ್ನ ನಿಧಾನವಾಗಿ ಒಳಗೆ ಬಿಡುತ್ತೆ. ಶುದ್ಧ ಯೂರಿಯಾ ಸ್ಟೋರ್‌ನಲ್ಲಿತ್ತು, ಲೀಟರ್‌ಗೆ 60 ಗ್ರಾಂ ಲೆಕ್ಕದಲ್ಲಿ ಒಂದು ಮೋಲಾರ್ ಮಾಡಿದ್ವಿ, ಒಂದೇ ಎಲೆಯ ಎರಡು ಸಿಪ್ಪೆ ತಗೊಂಡು ಒಂದು ಸಕ್ಕರೆಯಲ್ಲಿ, ಒಂದು ಯೂರಿಯಾದಲ್ಲಿ, ಒಣಗದ ಹಾಗೆ ಮುಚ್ಚಿದ ಪೆಟ್ರಿ ಡಿಶ್‌ನಲ್ಲಿ ಇಟ್ಟು ಬಿಟ್ಟು ಬಿಟ್ಟು ನೋಡ್ತಾ ಹೋದ್ವಿ. ಎರಡೂ ಕುಗ್ಗಿದ್ವು. ಊಟಕ್ಕೆ ಹೋಗಿ ಬಂದು ನೋಡಿದಾಗ ಯೂರಿಯಾದ ಉಂಡೆಗಳು ಸ್ವಲ್ಪ ದೊಡ್ಡದಾದ ಹಾಗೆ ಕಂಡ್ವು, ಹೌದೋ ಅಲ್ವೋ ಅಂತ ಮಕ್ಕಳಲ್ಲೇ ಜಗಳ. ಸಂಜೆ ನಾಲ್ಕೂವರೆಗೆ ಜಗಳಕ್ಕೆ ಜಾಗ ಇರ್ಲಿಲ್ಲ, ಯೂರಿಯಾ ಸಿಪ್ಪೆಯ ಬಹಳಷ್ಟು ಕೋಶಗಳು ನೇರಳೆ ತುಂಬ್ಕೊಂಡು ಗೋಡೆ ಮುಟ್ಟಿದ್ವು, ನಾವು ನೀರು ಬದಲಾಯಿಸಿರ್ಲಿಲ್ಲ. ಸಕ್ಕರೆಯವು ಕುಗ್ಗಿದ್ದು ಕುಗ್ಗಿದ ಹಾಗೇ ಇದ್ವು. ಯೂರಿಯಾ ಒಳಗೆ ಹೋಯ್ತು, ಅದರ ಹಿಂದೆ ನೀರೂ ಹೋಯ್ತು. 1890ರ ದಶಕದಲ್ಲಿ ಓವರ್ಟನ್ ಅನ್ನೋರು ಹೀಗೇ ನೂರಾರು ಪದಾರ್ಥಗಳನ್ನ ಪರೀಕ್ಷೆ ಮಾಡಿ, ಎಣ್ಣೆಯಲ್ಲಿ ಕರಗೋವು ಬೇಗ ಒಳಗೆ ಹೋಗ್ತವೆ, ಹಂಗಾಗಿ ಪೊರೆ ಕೊಬ್ಬಿನ ಗುಣದ್ದೇ ಇರ್ಬೇಕು ಅಂತ ಹೇಳಿದ್ರು, ಪೊರೆನ ಕಣ್ಣಲ್ಲಿ ನೋಡೋದಕ್ಕೆ ಎಷ್ಟೋ ದಶಕ ಮುಂಚೆ.

ಹಂಗಾದ್ರೆ ಕೊಬ್ಬಿನ ಹಾಳೆ ಮೂಲಕ ನೀರು ಹೇಗೆ ಅಷ್ಟು ಬೇಗ ಹೋಗುತ್ತೆ ಸಾರ್, ನೀರಿಗೂ ಎಣ್ಣೆಗೂ ಆಗಲ್ವಲ್ಲ ಅಂತ ಆ ಮದ್ದೂರಿನ ಹುಡುಗಿ ಕೇಳಿದ್ಲು. ಇದೇ ಪ್ರಶ್ನೆ ವಿಜ್ಞಾನಿಗಳನ್ನೂ ಬಹಳ ವರ್ಷ ಕಾಡಿತ್ತು. ಸ್ವಲ್ಪ ನೀರು ಲಿಪಿಡ್ ಮಧ್ಯದಿಂದಲೇ ನುಸುಳುತ್ತೆ, ಉಳಿದಿದ್ದಕ್ಕೆ ನೀರಿಗಂತಲೇ ದಾರಿ ಮಾಡಿರೋ ಪ್ರೋಟೀನ್ ಇದೆ, ಅಕ್ವಾಪೋರಿನ್, ಅಂಥ ಒಂದೇ ದಾರಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣು ಸಾಲಾಗಿ ಹೋಗ್ತವೆ, ಆದ್ರೆ ಉಪ್ಪಿನ ಅಯಾನನ್ನ ಬಿಡಲ್ಲ. ಇದನ್ನ ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಪೊರೆಯಲ್ಲಿ ದಾರಿಗಳ ಜೊತೆ ಪಂಪ್‌ಗಳೂ ಇವೆ, ನಮ್ಮ ದೇಹದ ಕೋಶಗಳಲ್ಲಿ ಒಂದು ಪಂಪ್ ಒಂದು ಸಲಕ್ಕೆ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತಗೊಳ್ಳುತ್ತೆ, ಅದಕ್ಕೆ ಎಟಿಪಿ, ಅಂದ್ರೆ ಕೋಶಕ್ಕೆ ಶಕ್ತಿ ಕೊಡೋ ಅಣು, ಖರ್ಚಾಗುತ್ತೆ. ನಮ್ಮ ಕೋಶಕ್ಕೆ ಹೊರಗೆ ಗಟ್ಟಿ ಗೋಡೆ ಇಲ್ಲ, ಕೆಂಪು ರಕ್ತಕಣನ ಬರೀ ನೀರಲ್ಲಿ ಹಾಕಿದ್ರೆ ಉಬ್ಬಿ ಒಡೆದೋಗುತ್ತೆ, ಆಸ್ಪತ್ರೆಯಲ್ಲಿ ಹಾಕೋ ಸಲೈನ್ 0.9 ಪರ್ಸೆಂಟ್ ಉಪ್ಪಿನ ನೀರು ಆಗಿರೋದು ಇದಕ್ಕೇ. ರಿಯೋ ಕೋಶ ಬರೀ ನೀರಲ್ಲಿ ಒಡೆಯಲ್ಲ, ಗೋಡೆ ತಡ್ಕೊಳ್ಳುತ್ತೆ.

ರೆಕಾರ್ಡ್ ವಿಷಯ. ಬೆಳಿಗ್ಗೆ ಬ್ಯಾಚ್‌ನ ಚಿತ್ರ ನೋಡಿ ಬರೆದಿದ್ದವರನ್ನ ಕರೆದು ಬೈಯಲಿಲ್ಲ, ತಪ್ಪು ಅವರೊಬ್ಬರದೇ ಅಲ್ಲ, ರಿಸಲ್ಟ್ ಬರದೇ ಇದ್ರೆ ಮಾರ್ಕ್ಸ್ ಹೋಗುತ್ತೆ ಅಂತ ಅವರಿಗೆ ಭಯ ಹುಟ್ಟಿಸಿರೋದು ನಾವೇ. ಆ ಚಿತ್ರ ಅಲ್ಲೇ ಇರ್ಲಿ, ಪಕ್ಕದ ಪುಟದಲ್ಲಿ ನಿಮ್ಮ ಸ್ಲೈಡ್ ಚಿತ್ರ ಬರೀರಿ, ಎರಡಕ್ಕೂ ವ್ಯತ್ಯಾಸ ಯಾಕೆ ಅಂತ ಎರಡು ಸಾಲು ಬರೀರಿ ಅಂದೆ. ಕೆಲವರು ಪುಟ ತುಂಬಾ ಬರೆದು ತಂದ್ರು. ಆ ಹುಡುಗಿ ತನ್ನ ಪೆನ್ಸಿಲ್ ಸಾಲಿನ ಮೇಲೇ ಪೆನ್ನಾಡಿಸಿ, ನೇರಳೆ ಬಣ್ಣ ಹತ್ತಿದ್ದ ಫಿಲ್ಟರ್ ಪೇಪರ್ ಚೂರನ್ನ ಒಣಗಿಸಿ ಅದರ ಕೆಳಗೆ ಅಂಟಿಸಿದ್ದಳು. ಎಲ್ಲರಿಗೂ ಸೈನ್ ಹಾಕಿದೆ.

ಈ ವರ್ಷದಿಂದ ಪ್ರತಿ ಟೇಬಲ್‌ಗೂ ಮೂರು ಸಿಪ್ಪೆ ಕೊಡ್ತೀವಿ, ಒಂದು ಹೊಸ ಎಲೆದು, ಒಂದು ಐಸ್ ಬಾಕ್ಸಿಂದ ತೆಗೆದಿದ್ದು, ಇನ್ನೊಂದು ಕುದಿ ನೀರಲ್ಲಿ ಅದ್ದಿದ್ದು, ಯಾವುದು ಯಾವುದು ಅಂತ ಹೇಳಲ್ಲ, ಅವರೇ ಸಕ್ಕರೆ ನೀರು ಬಿಟ್ಟು ಕಂಡುಹಿಡೀಬೇಕು. ಹೆಪ್ಪುಗಟ್ಟಿದ್ದಕ್ಕೂ ಬೆಂದಿದ್ದಕ್ಕೂ ಇರೋ ವ್ಯತ್ಯಾಸ ಇನ್ನೂ ಯಾರೂ ಗಟ್ಟಿಯಾಗಿ ಹೇಳಿಲ್ಲ, ಎರಡೂ ಒಂದೇ ಥರ ಕಾಣುತ್ತೆ ಸಾರ್ ಅಂತಾರೆ, ಅದು ನಿಜಾನೇ. ಅಟೆಂಡರ್ ಅಣ್ಣ ಅವರ ಮನೆಯಿಂದ ಎರಡು ಕವಲು ತಂದು ಟ್ಯಾಂಕ್ ಪಕ್ಕ ಇನ್ನೆರಡು ಕುಂಡ ಮಾಡಿದ್ದಾರೆ, ಈಗ ಎರಡು ಬ್ಯಾಚ್‌ಗೂ ಸಾಕಾಗೋವಷ್ಟು ಎಲೆ ಇದೆ.